ಹಗೇವಿನ ರಾಗಿ, ಸೊಸೈಟಿ ಅಕ್ಕಿ

ಹಾಸನ ಸೀಮೆಯ ಠಾಣೆಗಳಲ್ಲಿ ರೈಟರ್ ಆಗಿ ದುಡಿದು ನಿವೃತ್ತನಾದವನು ನಾನು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿಗೆ ವರ್ಗವಾದರೂ ಕೆಲಸ ಒಂದೇ, ದೂರು ಬರೆದುಕೊಳ್ಳುವುದು. ಹಳೇ ಕಡತ ಕೈಗೆ ಸಿಕ್ಕರೆ ಮೊದಲು ನೋಡುತ್ತಿದ್ದುದು ಕಳುವಾದ ಮಾಲು ಯಾವುದು ಅಂತ. ಆರೋಪಿಯ ಹೆಸರು ಆಮೇಲೆ.

ನಮ್ಮ ಹಿರಿಯರ ಬಾಯಲ್ಲಿ ದೊಡ್ಡ ಕಳ್ಳತನ ಅಂದರೆ ಹಗೇವಿಗೆ ಕೈ ಹಾಕುವುದು. ಹಗೇವು ಅಂದರೆ ಕಾಳು ತುಂಬಿಡಲು ಗಟ್ಟಿ ನೆಲ ನೋಡಿ ತೋಡಿದ ಗುಂಡಿ. ಬಾಯಿ ಕಿರಿದು, ಒಡಲು ದೊಡ್ಡದು. ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡದು. ತೆಗೆಯುವಾಗ ಮಾತ್ರ ಅವಸರ ಕೂಡದು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದದಿದ್ದರೆ ಆಳು ಇಳಿಯುತ್ತಿದ್ದ. ಕತ್ತಲಲ್ಲಿ ಕದಿಯಲು ಬಂದವನಿಗೆ ಅಷ್ಟು ಪುರುಸೊತ್ತೆಲ್ಲಿ? ಜೀವ ಒತ್ತೆಯಿಟ್ಟೇ ಇಳಿಯಬೇಕು.

ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876-78ರದ್ದು, ಈ ಹಗೇವುಗಳನ್ನೂ ಬರಿದು ಮಾಡಿತು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಉಳಿದವರು ಸುಮಾರು 42 ಲಕ್ಷ. ಕಾಳಿನ ಬೆಲೆ ಏರಿದಂತೆ ಕಳವು, ದರೋಡೆ ಏರಿದವು, ಜೈಲು ತುಂಬಿದವು. ಒಳಗೆ ಹೋದರೆ ಊಟವಾದರೂ ಸಿಗುತ್ತಿತ್ತಲ್ಲ! ಪೊಲೀಸಿನವನಾಗಿ ನನ್ನನ್ನು ಕಾಡುವುದು ಬೇರೆಯೇ: ಹಸಿದವರೆಲ್ಲ ಕದಿಯುವವರೇ ಆಗಿದ್ದರೆ ಅಷ್ಟು ಲಕ್ಷ ಜನ ಸುಮ್ಮನೆ ದಾರಿಬದಿಯಲ್ಲಿ ಬಿದ್ದು ಸಾಯುತ್ತಿದ್ದರೇ?

ಸರ್ಕಾರ ಗಂಜಿಯನ್ನೂ ಕೊಟ್ಟಿತು, ಕೆಲಸವನ್ನೂ ಕೊಟ್ಟಿತು, ಅಳೆದೂ ಸುರಿದೂ. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ 1877ರ ಮೊದಲಲ್ಲಿ ವೈಸರಾಯ್ ಕಳಿಸಿದ ಬರ ಪ್ರತಿನಿಧಿ ರಿಚರ್ಡ್ ಟೆಂಪಲ್ ಬರದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದಿಷ್ಟು ಚಿಲ್ಲರೆಗೆ ಇಳಿಸಿದ್ದ. ಮೈಸೂರಿಗೆ ಬರ ಕಮಿಷನರ್ ಆಗಿ ಬಂದ ಚಾರ್ಲ್ಸ್ ಎಲಿಯಟ್, ಗಂಜಿಮನೆಯಲ್ಲಿದ್ದ ದುಡಿಯಬಲ್ಲವರನ್ನು ದೊಡ್ಡ ಕಾಮಗಾರಿಗಳಿಗೆ ಕಳಿಸಿದ. ಬೆಂಗಳೂರು-ಮೈಸೂರು ರೈಲುಹಾದಿಯ ಮಣ್ಣು ಹೊತ್ತವರು ಹೀಗೆ ಬಂದ ಬರದ ಕೂಲಿಗಳು. ಬರ ಮುಗಿಯುವ ಹೊತ್ತಿಗೆ ಸಂಸ್ಥಾನದ ಉಳಿತಾಯ ಕರಗಿ 80 ಲಕ್ಷ ರೂಪಾಯಿ ಸಾಲ ನಿಂತಿತ್ತು. 1881ರಲ್ಲಿ ಬ್ರಿಟಿಷರಿಂದ ಚಾಮರಾಜೇಂದ್ರ ಒಡೆಯರ ಕೈಗೆ ರಾಜ್ಯದ ಜೊತೆ ಆ ಸಾಲವೂ ಬಂತು.

ಬರದಲ್ಲಿ ಹಲವರಿಗೆ ಕೂಲಿ ಕೊಟ್ಟ ರೈಲು ಇನ್ನು ಕೆಲವರ ಕಸುಬು ತಿಂದಿತು. ಉಪ್ಪುಕೊರಚರು ಎತ್ತು, ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗುತ್ತಿದ್ದರು. ಬಂಡಿರಸ್ತೆ, ರೈಲು ಬಂದ ಮೇಲೆ ಹೇರಿನ ವ್ಯಾಪಾರ ಬಿತ್ತು. ಕೆಲಸ ಕಳಕೊಂಡವರಿಗೆ ಸಿಕ್ಕ ಪರಿಹಾರವೇನು? 1871ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬಂದ ಅಪರಾಧಿ ಬುಡಕಟ್ಟು ಕಾಯ್ದೆಯ ಜಾಡಿನಲ್ಲೇ ಮೈಸೂರು 1916ರಲ್ಲಿ ತನ್ನದೊಂದು ರೆಗ್ಯುಲೇಷನ್ ತಂದಿತು: ಹೆಸರು ನೋಂದಣಿ, ಹಾಜರಿ, ಊರು ಬಿಡಲು ಅಪ್ಪಣೆ. ಹುಟ್ಟಿದ ಮಗುವೂ ಅನುಮಾನದ ಪಟ್ಟಿಯದೇ. 1952ರಲ್ಲಿ ಕೇಂದ್ರದ ಕಾಯ್ದೆ ರದ್ದಾಯಿತು. 1961ರಲ್ಲಿ ಇಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ರಾತ್ರಿ ಕಳವಾದರೆ ಬೆಳಿಗ್ಗೆ ಯಾವ ಗುಡಿಸಲಿನ ಬಾಗಿಲು ಬಡಿಯಬೇಕೆಂಬ ಅಭ್ಯಾಸ ಮಾತ್ರ ಕಾಯ್ದೆ ನೋಡಿ ಬದಲಾಗಲಿಲ್ಲ. ಇದನ್ನು ಒಳಗಿದ್ದವನಾಗಿಯೇ ಹೇಳುತ್ತಿದ್ದೇನೆ.

ಆಮೇಲೆ ಬಡವರಿಗೆಂದು ಸರ್ಕಾರದ ಯೋಜನೆಗಳು ಒಂದೊಂದಾಗಿ ಬಂದವು: ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಕಾಲದ ಹಸಿರು ರೇಷನ್ ಕಾರ್ಡು, 2007ರಲ್ಲಿ ನಮ್ಮ ಜಿಲ್ಲೆಗೆ ಬಂದ ಉದ್ಯೋಗ ಖಾತರಿ, 2013ರ ಅನ್ನಭಾಗ್ಯ, ಹತ್ತು ವರ್ಷದ ಮೇಲೆ ಗೃಹಲಕ್ಷ್ಮಿಯ ಎರಡು ಸಾವಿರ. ಹೊಲದ ತೆನೆ ಕೊಯ್ದರು ಎಂಬ ದೂರು ಬರುವುದು ನಿಂತೇ ಹೋಯಿತು. ಬರುವುದೇನಿದ್ದರೂ ಪಂಪ್‌ಸೆಟ್ಟಿನ ಕೇಬಲ್, ಚನ್ನರಾಯಪಟ್ಟಣದ ಕಡೆ ಕೊಬ್ಬರಿ, ಪೇಟೆಯಲ್ಲಿ ಬೈಕು, ಸರ. ಅನ್ನ ಕೊಟ್ಟರೆ ಕಳ್ಳತನವೇ ಇರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಟ್ಟರೆ ಜನ ಕೆಡುತ್ತಾರೆ ಎಂದು ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಹೇಳುವವರನ್ನಂತೂ ಹತ್ತಿರ ಸೇರಿಸುವುದಿಲ್ಲ.

ಈಗ ಠಾಣೆ ಮೆಟ್ಟಿಲೇರುವ ಅಕ್ಕಿ ಬಡವರಿಗೆಂದು ಬಂದ ಅಕ್ಕಿ. ಲಾರಿಗಟ್ಟಲೆ ಸೊಸೈಟಿ ಅಕ್ಕಿ ಪಾಲಿಷ್ ಆಗಿ ಬೇರೆ ಚೀಲ ಸೇರಲು ಹೊರಟಾಗ ಸಿಕ್ಕಿಬೀಳುತ್ತದೆ. 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಕೇಸು. ಲಾರಿಯ ಚಾಲಕ ಸಿಗುತ್ತಾನೆ, ಕಳಿಸಿದವನನ್ನು ಹುಡುಕಬೇಕು. ಐದು ಕೆ.ಜಿ. ಅಕ್ಕಿ ಕೊಟ್ಟು ಮುದ್ದೆಗೆ ರಾಗಿ ತಂದುಕೊಳ್ಳುವ ಅಜ್ಜಿಯರೂ ಇದ್ದಾರೆ. ಲಾರಿ ಕಳಿಸಿದವನನ್ನೂ ಈ ಅಜ್ಜಿಯರನ್ನೂ ಒಂದೇ ದೂರಿನಲ್ಲಿ ಬರೆ ಎಂದರೆ ನಾನು ಬರೆಯುವವನಲ್ಲ.