ಮರವೋ, ಕೈಯೋ?

ವಯನಾಡು, ನೀಲಗಿರಿಯ ಕಾಡುಗಳಲ್ಲಿ ಬೆಳೆಯುವ ಬೀಟೆಮರವು ಗಿಟಾರಿನ ಬೆನ್ನಿಗೂ ಪಕ್ಕಗಳಿಗೂ ಒದಗುವುದೆಂದು ನಾವು ಬಲ್ಲೆವು. ಆದರೆ ನಾದಕ್ಕೆ ಕಾರಣ ಮರವೋ, ಕುಶಲಿಯ ಕೈಯೋ?

ಸ್ಪೇನ್ ದೇಶದ ಆಂಟೋನಿಯೊ ದೆ ಟೊರೆಸ್ (1817–1892) ಬಡಗಿತನದಿಂದ ವಾದ್ಯರಚನೆಗೆ ಬಂದವನು. ಮೇಲುಹಲಗೆಯೇ ನಾದದ ಮೂಲವೆಂದು ತೋರಿಸಲು 1862ರಲ್ಲಿ ಆತನು ಬೆನ್ನು, ಪಕ್ಕಗಳನ್ನು ಕಾಗದದ ರಟ್ಟಿನಿಂದಲೂ, ಮೇಲುಹಲಗೆಯನ್ನು ಹಗುರವಾದ ಸ್ಪ್ರೂಸ್ ಮರದಿಂದಲೂ ಮಾಡಿ ಒಂದು ಗಿಟಾರನ್ನು ರಚಿಸಿದನು. ಅದು ನುಡಿಯಿತು! ತಂತಿಯ ಕಂಪನವನ್ನು ಗಾಳಿಗೆ ಹರಡುವುದು ಮುಖ್ಯವಾಗಿ ಆ ಹಲಗೆಯೇ. ಅದನ್ನು ತೆಳ್ಳಗೆ ಹೆರೆದು, ಒಳಗೆ ಬೀಸಣಿಗೆಯಂತೆ ಪಟ್ಟಿಗಳನ್ನು ಅಂಟಿಸಿ ಬಲಪಡಿಸುವುದರಲ್ಲಿ ಆತನ ಜಾಣ್ಮೆಯಿದ್ದಿತು. ಬೀಟೆಯ ಬೆನ್ನು ನಾದಕ್ಕೆ ಮೆರುಗನ್ನೀಯುವುದು ನಿಜ. ಹಲಗೆಯ ಗುಣವರಿತ ಕೈ ಅದಕ್ಕೆ ಪ್ರಾಣವನ್ನೀಯುವುದು.

ಆ ರಟ್ಟಿನ ಗಿಟಾರು ಬಾರ್ಸೆಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಶಾಲೆಗೆ ಸಲಕರಣೆ ಸಾಲದೆಂದು ಕೊರಗುವಾಗ ಉಪಾಧ್ಯಾಯರಾದ ನಾವು ಅದನ್ನು ನೆನೆಯಬೇಕು.