ಕೊಂಡ ಪುಸ್ತಕ ಯಾರದು?

ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಪುಸ್ತಕ ನಿಮ್ಮದೇ. ಓದಿ ಮುಗಿಸಿ ತಂಗಿಗೆ ಕೊಡಬಹುದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಮಾರಲೂಬಹುದು. ಇದರಲ್ಲಿ ಹೇಳುವಂಥದ್ದೇನಿದೆ ಎನ್ನುವಿರಾ? ಇಷ್ಟು ಸರಳವಾದ ಹಕ್ಕಿನ ಪ್ರಶ್ನೆ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು.

1904ರಲ್ಲಿ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆಯು 'ದಿ ಕ್ಯಾಸ್ಟ್‌ಅವೇ' ಎಂಬ ಕಾದಂಬರಿಯನ್ನು ಹೊರತಂದಿತು. ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆ ಎಂಬ ಎಚ್ಚರಿಕೆಯನ್ನು ಒಳಪುಟದಲ್ಲಿ ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸೀಸ್ ಮಳಿಗೆಯ ಒಡೆಯರಾದ ಸ್ಟ್ರಾಸ್ ಸಹೋದರರು ಅದನ್ನು ಲೆಕ್ಕಿಸದೆ 89 ಸೆಂಟಿಗೆ ಮಾರಿದರು. (ಇವರಲ್ಲಿ ಹಿರಿಯನಾದ ಇಸಿಡೋರ್ ಮುಂದೆ 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿದವನು.) ಮೊಕದ್ದಮೆ ನಡೆಯಿತು. ಪುಸ್ತಕವನ್ನು ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮುಂದಿನ ಮಾರಾಟದ ಮೇಲೆ ಪ್ರಕಾಶಕನಿಗೆ ಹಿಡಿತವಿಲ್ಲವೆಂದು 1908ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷವೇ ಈ ತತ್ತ್ವ ಅಲ್ಲಿನ ಕಾನೂನಿನಲ್ಲಿ ಸೇರಿತು.

ಒಂದು ಶತಮಾನದ ನಂತರ ಕಾಗದವಿಲ್ಲದ ಪುಸ್ತಕ ಬಂದಿತು. ಅಮೆಜಾನ್ ಸಂಸ್ಥೆಯು 2007ರ ನವೆಂಬರಿನಲ್ಲಿ ಕಿಂಡಲ್ ಎಂಬ ಓದುವ ಸಾಧನವನ್ನು ಮಾರುಕಟ್ಟೆಗೆ ತಂದಿತು. ಕೈಯಗಲದ ಹಲಗೆಯಲ್ಲಿ ನೂರಾರು ಪುಸ್ತಕ! ಅನುಕೂಲವೇನೋ ನಿಜ. ಆದರೆ ಇಂತಹ ಅಂಗಡಿಗಳ ಬಹುಪಾಲು ಇ-ಪುಸ್ತಕಗಳಿಗೆ ಒಂದು ಗುಪ್ತ ಬೀಗವಿರುತ್ತದೆ. ಅದರ ಕೀಲಿ ನಿಮ್ಮ ಖಾತೆಗೆ ಜೋಡಿಸಿದ್ದು, ಆ ಖಾತೆ ಅಂಗಡಿಯ ಕಂಪ್ಯೂಟರಿನಲ್ಲಿರುತ್ತದೆ. ನೀವು ಪಡೆದದ್ದು ಓದುವ ಪರವಾನಗಿ ಮಾತ್ರ.

ಇದರ ಅರ್ಥವೇನೆಂಬುದು ಲೋಕಕ್ಕೆ ತಿಳಿದದ್ದು 2009ರ ಜುಲೈನಲ್ಲಿ. ಜಾರ್ಜ್ ಆರ್ವೆಲ್ 1950ರಲ್ಲಿ ತೀರಿಕೊಂಡ ಲೇಖಕ. ಆತನ ಕೃತಿಗಳ ಸ್ವಾಮ್ಯ ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮುಗಿದಿತ್ತು, ಅಮೆರಿಕದಲ್ಲಿ ಮುಗಿದಿರಲಿಲ್ಲ. ಅಲ್ಲಿ ಹಕ್ಕಿಲ್ಲದ ಸಂಸ್ಥೆಯೊಂದು ಆತನ ಎರಡು ಕಾದಂಬರಿಗಳನ್ನು ಅಮೆಜಾನ್ ಮೂಲಕ ಮಾರಿಬಿಟ್ಟಿತು. ವಿಷಯ ತಿಳಿದ ಕೂಡಲೇ ಅಮೆಜಾನ್ ಹಣವನ್ನು ಹಿಂತಿರುಗಿಸಿ, ಕೊಂಡವರ ಸಾಧನಗಳೊಳಗಿಂದಲೇ ಆ ಪುಸ್ತಕಗಳನ್ನು ಅಳಿಸಿಹಾಕಿತು. ಅವುಗಳಲ್ಲಿ ಒಂದು 'ನೈನ್ಟೀನ್ ಎಯ್ಟಿ-ಫೋರ್'! ಬೇಡವಾದ ದಾಖಲೆಗಳನ್ನು ಸರ್ಕಾರವೇ ಅಳಿಸಿಹಾಕುವ ಕಥೆಯುಳ್ಳ ಕಾದಂಬರಿ ಅದು.

ಹಣ ಬಂದಿತಲ್ಲ, ನಷ್ಟವೇನು ಎಂದು ಕೇಳಬಹುದು. ಮಿಷಿಗನ್ ರಾಜ್ಯದ ಒಬ್ಬ ಶಾಲಾ ವಿದ್ಯಾರ್ಥಿ ಬೇಸಿಗೆ ರಜೆಯ ಮನೆಗೆಲಸಕ್ಕಾಗಿ ಆ ಕಾದಂಬರಿಯನ್ನು ಓದುತ್ತ ಟಿಪ್ಪಣಿ ಬರೆದುಕೊಂಡಿದ್ದ. ಟಿಪ್ಪಣಿ ಉಳಿಯಿತು, ಅದು ಸೂಚಿಸುತ್ತಿದ್ದ ಪುಟಗಳೇ ಹೋದವು. ಆತ ನ್ಯಾಯಾಲಯಕ್ಕೆ ಹೋದ. ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಒಪ್ಪಂದದ ಪ್ರಕಾರ ಸಂಸ್ಥೆ 1,50,000 ಡಾಲರ್ ಕೊಟ್ಟಿತು; ನ್ಯಾಯಾಲಯದ ಆದೇಶದಂಥ ಕೆಲವು ಸಂದರ್ಭಗಳನ್ನು ಬಿಟ್ಟು ಹೀಗೆ ಅಳಿಸುವುದಿಲ್ಲವೆಂದು ಮಾತು ಕೊಟ್ಟಿತು. ಅಳಿಸುವ ಶಕ್ತಿಯನ್ನೇನೂ ಬಿಟ್ಟುಕೊಡಲಿಲ್ಲ ಎಂಬುದನ್ನು ಗಮನಿಸಿ.

ಅಂಗಡಿಯೇ ಮುಚ್ಚಿದರೆ? ಅದೂ ಆಯಿತು. ಮೈಕ್ರೋಸಾಫ್ಟ್ 2017ರಲ್ಲಿ ತೆರೆದ ಪುಸ್ತಕ ಮಳಿಗೆಯನ್ನು 2019ರಲ್ಲಿ ಮುಚ್ಚಿತು. ಕೀಲಿ ಕೊಡುವ ಯಂತ್ರ ನಿಂತಿತು; ಉಚಿತವಾಗಿ ಪಡೆದ ಪುಸ್ತಕಗಳೂ ತೆರೆಯದಾದವು. ಪೂರ್ತಿ ಹಣ ಮರಳಿತು. ಪುಸ್ತಕದಲ್ಲಿ ಟಿಪ್ಪಣಿ ಬರೆದವರಿಗೆ 25 ಡಾಲರ್ ಹೆಚ್ಚು ಸಿಕ್ಕಿತು. ಜಗತ್ತಿನ ಅತಿ ಶ್ರೀಮಂತ ಸಂಸ್ಥೆಗಳಲ್ಲಿ ಒಂದಾದ್ದರಿಂದ ಇಷ್ಟಾದರೂ ಆಯಿತು. ದಿವಾಳಿಯಾಗಿ ಬಾಗಿಲು ಹಾಕುವ ಸಣ್ಣ ಅಂಗಡಿಯಿಂದ ಇದನ್ನು ನಿರೀಕ್ಷಿಸುವಂತಿಲ್ಲ.

ಕಾಗದದ ಪುಸ್ತಕಕ್ಕೆ ಗೆದ್ದಲು ಹಿಡಿಯುವುದಿಲ್ಲವೇ ಎಂದು ನೀವು ವಾದಿಸಬಹುದು. ಹಿಡಿಯುತ್ತದೆ. ಆದರೆ ಗೆದ್ದಲು ಒಂದೇ ದಿನ ಎಲ್ಲ ಓದುಗರ ಮನೆಗೂ ಬರುವುದಿಲ್ಲ!

2025ರ ಫೆಬ್ರವರಿ 26ರಿಂದ ಅಮೆಜಾನ್, ಕೊಂಡ ಕಿಂಡಲ್ ಪುಸ್ತಕವನ್ನು ಸ್ವಂತ ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ತಂತಿಯ ಮೂಲಕ ಸಾಧನಕ್ಕೆ ಸಾಗಿಸುವ ಹಳೆಯ ಸೌಲಭ್ಯವನ್ನು ನಿಲ್ಲಿಸಿತು. ಅದೇ ವರ್ಷದ ಜನವರಿ 1ರಿಂದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೊಸ ಕಾನೂನು ಜಾರಿಗೆ ಬಂದಿದೆ. ಪರವಾನಗಿಯನ್ನಷ್ಟೇ ಕೊಡುವ ಅಂಗಡಿ 'ಕೊಳ್ಳಿ' ಎಂಬ ಪದವನ್ನು ಬಳಸಬೇಕಾದರೆ, ಅದು ಪರವಾನಗಿ ಮಾತ್ರವೆಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು. ಗ್ರಾಹಕನು ಶಾಶ್ವತವಾಗಿ ಇಳಿಸಿಕೊಂಡು ತನ್ನಲ್ಲೇ ಇಟ್ಟುಕೊಳ್ಳಬಹುದಾದ, ಮಾರಿದವನು ಹಿಂದಕ್ಕೆ ಪಡೆಯಲಾಗದ ಪುಸ್ತಕಕ್ಕೆ ಈ ನಿಯಮದಿಂದ ವಿನಾಯಿತಿ ಇದೆ.