ಸಂತನೊಡನೆ ಜಗಳವಾಡಿದ ರೈತ

ಕ್ರೈಸ್ತರ ಪ್ರಾರ್ಥನೆಯಲ್ಲಿ ಎರಡು ಬಗೆಯ ಮಾತುಗಳುಂಟು. ಭಕ್ತನು ನೇರವಾಗಿ ದೇವರೊಡನೆ ಆಡುವ ಮಾತು ಒಂದು. ದೇವರ ಸನ್ನಿಧಿಯನ್ನು ಸೇರಿದ ಸಂತನನ್ನು ಕರೆದು, ನಮ್ಮ ಪರವಾಗಿ ನೀನು ಬೇಡಿಕೋ ಎಂದು ಕೇಳುವುದು ಇನ್ನೊಂದು. ಈ ಎರಡನೆಯದು ಮಧ್ಯಸ್ಥಿಕೆಯ ಪ್ರಾರ್ಥನೆ. ದೇವರು ಎಲ್ಲವನ್ನೂ ಬಲ್ಲವನಾದರೆ ನಡುವೆ ಮತ್ತೊಬ್ಬನೇಕೆ ಎಂಬ ಪ್ರಶ್ನೆ ಬಹಳ ಹಳೆಯದು. ನಾನು ಧರ್ಮಶಾಸ್ತ್ರ ಬಲ್ಲವನಲ್ಲ, ಸಾಹಿತ್ಯದ ವಿದ್ಯಾರ್ಥಿ. ಆದುದರಿಂದ ಒಬ್ಬ ಲ್ಯಾಟಿನ್ ಕವಿಯ ಕೈಹಿಡಿದು ಆ ಪ್ರಶ್ನೆಯ ಬಳಿಗೆ ಹೋಗಬಯಸುತ್ತೇನೆ.

ಕವಿಯ ಹೆಸರು ಪೌಲಿನಸ್. ಕ್ರಿ.ಶ. ನಾಲ್ಕನೆಯ ಶತಮಾನದ ನಡುಭಾಗದಲ್ಲಿ, ಇಂದಿನ ಫ್ರಾನ್ಸಿನ ಬೋರ್ಡೊ ನಗರದಲ್ಲಿ, ಸಿರಿವಂತ ರೋಮನ್ ಮನೆತನವೊಂದರಲ್ಲಿ ಹುಟ್ಟಿದವನು. ಇಟಲಿಯ ಕಂಪಾನಿಯ ಪ್ರಾಂತವನ್ನು ಆಳಿದ ಅಧಿಕಾರಿ. ಅವನಿಗೂ ಅವನ ಪತ್ನಿ ತೆರಾಸಿಯಳಿಗೂ ಬಹುಕಾಲ ಕಾದ ಮೇಲೆ ಒಂದು ಗಂಡುಮಗು ಹುಟ್ಟಿತು; ಎಂಟು ದಿನ ಬದುಕಿತು. ಧರ್ಮಕ್ಕಾಗಿ ಪ್ರಾಣತೆತ್ತವರ ಸಮಾಧಿಗಳ ಪಕ್ಕದಲ್ಲಿ, ಸ್ಪೇನಿನಲ್ಲಿ, ಅದನ್ನು ಮಣ್ಣುಮಾಡಿದರು. ಆಮೇಲೆ ದಂಪತಿಗಳು ತಮ್ಮ ಅಪಾರ ಆಸ್ತಿಯನ್ನು ಮಾರಿ ಬಡವರಿಗೆ ಹಂಚತೊಡಗಿದರು. 395ರಲ್ಲಿ ಕಂಪಾನಿಯದ ನೋಲ ಪಟ್ಟಣಕ್ಕೆ ಬಂದು, ಊರಾಚೆಯಿದ್ದ ಸಂತ ಫೆಲಿಕ್ಸನ ಸಮಾಧಿಯ ಬಳಿ ನೆಲಸಿದರು. ವರ್ಷವರ್ಷವೂ ಜನವರಿ 14ರಂದು, ಸಂತನ ಹಬ್ಬದ ದಿನ, ಪೌಲಿನಸ್ ಅವನಿಗೊಂದು ಕವಿತೆಯನ್ನು ಕಾಣಿಕೆಯಾಗಿ ಬರೆದ.

ಆ ಕವಿತೆಗಳಲ್ಲಿ ಫೆಲಿಕ್ಸ್ ಕವಿಗೆ ಒಡೆಯ, ಆಶ್ರಯದಾತ, ಗೆಳೆಯ. ಈ ಮಾತುಗಳ ಬೇರು ಅಂದಿನ ಸಮಾಜದಲ್ಲಿದೆ. ಸಣ್ಣವನಿಗೆ ದೊಡ್ಡವನೊಬ್ಬನ ಆಸರೆಯಿಲ್ಲದೆ ರೋಮನ್ ಜಗತ್ತಿನಲ್ಲಿ ಬಾಳುವುದು ಕಷ್ಟವಾಗಿತ್ತು. ನ್ಯಾಯಾಲಯದ ವ್ಯಾಜ್ಯಕ್ಕೂ ತೆರಿಗೆಯ ತಕರಾರಿಗೂ ಯಾರಾದರೊಬ್ಬ ಧಣಿ ಬಾಯಿಹಾಕಬೇಕು. ಅದಕ್ಕಾಗಿ ಬೆಳಗಾದರೆ ಅವನ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು. ಇತಿಹಾಸಕಾರ ಪೀಟರ್ ಬ್ರೌನ್ 1981ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಸಂತರ ಆರಾಧನೆ ಈ ಆಶ್ರಯಪದ್ಧತಿಯ ಭಾಷೆಯಲ್ಲೇ ಬೆಳೆಯಿತೆಂದು ತೋರಿಸಿದ್ದಾರೆ. ಆ ಭಾಷೆ ಸಮಾಧಿಯ ಬಳಿಗೆ ಬಂದಾಗ ಅದಕ್ಕೆ ಏನಾಯಿತು ಎಂಬುದನ್ನು ಪೌಲಿನಸನ ಒಂದು ಕಥೆಯಿಂದ ತಿಳಿಯಬಹುದು.

ಬಡ ರೈತನೊಬ್ಬನಿಗೆ ಜೀವನಾಧಾರವಾಗಿದ್ದ ಒಂದು ಜೊತೆ ಎತ್ತುಗಳು ರಾತ್ರಿ ಕಳುವಾದವು. ಅವನು ನೇರವಾಗಿ ಫೆಲಿಕ್ಸನ ಗುಡಿಗೆ ಬಂದು ಹೊಸ್ತಿಲ ಮೇಲೆ ಬಿದ್ದುಕೊಂಡ. ಎತ್ತುಗಳನ್ನು ಕಾಯುವ ಹೊಣೆಯನ್ನು ನಿನಗೆ ವಹಿಸಿದ್ದೆ, ನೀನು ಕಾಯಲಿಲ್ಲ, ಆದ್ದರಿಂದ ಕಳ್ಳರ ಜೊತೆಗೆ ನೀನೂ ಅಪರಾಧಿ ಎಂದು ಸಂತನ ಮೇಲೆಯೇ ದೂರು ಹೂಡಿದ. ಕಳ್ಳರನ್ನು ಬೇಕಾದರೆ ನೀನು ಕ್ಷಮಿಸಿಕೋ, ನನ್ನ ಎತ್ತುಗಳನ್ನು ನನಗೆ ಕೊಡು ಎಂದು ರಾಜಿಸೂತ್ರವನ್ನೂ ಮುಂದಿಟ್ಟ. ಕತ್ತಲಾದ ಮೇಲೆ ಅವನನ್ನು ಬಲವಂತದಿಂದ ಹೊರಗೆ ಕಳಿಸಬೇಕಾಯಿತು. ಮನೆಗೆ ಹೋಗಿ ಬರಿದಾದ ಕೊಟ್ಟಿಗೆಯಲ್ಲಿ ಅಳುತ್ತ ಬಿದ್ದಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಕಳ್ಳರು ಮತ್ತೆ ಬಂದರೆಂದು ನಡುಗಿದ, ಬಂದಿದ್ದವು ಎತ್ತುಗಳು.

ಇದನ್ನು ಪವಾಡವೆಂದು ನಂಬುವುದೂ ಬಿಡುವುದೂ ಓದುಗರ ಇಷ್ಟ. ನನ್ನ ಮನಸ್ಸು ನಿಲ್ಲುವುದು ಬೇರೊಂದು ಕಡೆ. ರೈತನ ಬೈಗುಳವನ್ನು ಕೇಳಿ ಸಂತನು ಕೋಪಿಸಿಕೊಳ್ಳಲಿಲ್ಲ, ಪ್ರಭುವಿನೊಡನೆ ಸೇರಿ ನಕ್ಕನು ಎನ್ನುತ್ತಾನೆ ಕವಿ. ನಿಂದಾಸ್ತುತಿಯ ರುಚಿ ಬಲ್ಲ ನಮಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಅದೇ ರೈತ ಹಿಂದಿನ ಪೌಲಿನಸನಂಥ ಅಧಿಕಾರಿಯ ಬಾಗಿಲಲ್ಲಿ ಹೀಗೆ ಮಾತಾಡಿದ್ದರೆ ಬೆನ್ನಿಗೆ ಪೆಟ್ಟು ಬೀಳುತ್ತಿತ್ತು. ಒಡೆಯನೆಂಬ ಹೆಸರು ಉಳಿಯಿತು, ಒಡೆಯನ ಭಯ ಹೋಯಿತು. ಬಡವನೂ ಸಲಿಗೆಯಿಂದ ದಬಾಯಿಸಬಹುದಾದ ಒಡೆಯನೊಬ್ಬ ದೊರಕಿದ್ದ.

ವಿರೋಧವೇನೂ ಇರಲಿಲ್ಲವೆಂದಲ್ಲ. ಪೌಲಿನಸನ ಪತ್ರವನ್ನು ಬೆತ್ಲೆಹೇಮಿನಲ್ಲಿದ್ದ ವಿದ್ವಾಂಸ ಜೆರೋಮನಿಗೆ ಒಯ್ದು ಕೊಟ್ಟ ವಿಜಿಲಾಂಶಿಯಸನೇ ಮುಂದೆ ಈ ಆರಾಧನೆಯನ್ನು ಖಂಡಿಸಿದ. ಬದುಕಿರುವಾಗ ನಾವು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬಹುದು, ಸತ್ತವರ ಪ್ರಾರ್ಥನೆ ಸಲ್ಲದು ಎಂಬುದು ಅವನ ವಾದ. ತಮ್ಮ ಚಿಂತೆಯೇ ತಮಗಿದ್ದ ಕಾಲದಲ್ಲಿ ಪರರಿಗಾಗಿ ಬೇಡಿದವರು, ಜಯಶಾಲಿಗಳಾದ ಮೇಲೆ ಬೇಡದಿರುವರೇ ಎಂದು ಜೆರೋಮ್ 406ರಲ್ಲಿ ಕಟುವಾಗಿ ಉತ್ತರಿಸಿದ. ಸಾವಿರ ವರ್ಷಗಳಾಚೆ, ಮತಸುಧಾರಣೆಯ ಕಾಲದಲ್ಲಿ, ಈ ವಾದ ಮತ್ತೆ ಹೊತ್ತಿಕೊಂಡಿತು.

ಪೌಲಿನಸನ ಮನಸ್ಸಿನಲ್ಲೂ ಸಂದೇಹ ಉಳಿದಿತ್ತೆಂದು ಕಾಣುತ್ತದೆ. ಮುಪ್ಪಿನಲ್ಲಿ ಅವನು ನೋಲದ ಬಿಷಪನಾಗಿದ್ದಾಗ ವಿಧವೆಯೊಬ್ಬಳು, ತೀರಿಹೋದ ತನ್ನ ಮಗನನ್ನು ಸಂತನ ಬಳಿ ಹೂಳಬೇಕೆಂದು ಕೇಳಿಕೊಂಡಳು. ಸಿನೆಜಿಯಸ್ ಎಂಬ ತರುಣನಿಗೆ ಫೆಲಿಕ್ಸನ ಗುಡಿಯಲ್ಲಿ ಜಾಗ ದೊರೆಯಿತು. ಆದರೆ ಸಂತನ ಪಕ್ಕದಲ್ಲಿ ಮಲಗುವುದರಿಂದ ಸತ್ತವನಿಗೆ ನಿಜವಾಗಿ ಪ್ರಯೋಜನವುಂಟೇ ಎಂದು ಪೌಲಿನಸ್ ಸಂತ ಅಗಸ್ಟೀನನಿಗೆ ಬರೆದು ಕೇಳಿದ. 420ರ ದಶಕದ ಆರಂಭದಲ್ಲಿ ಅಗಸ್ಟೀನ್ ಒಂದು ಕಿರುಗ್ರಂಥವನ್ನೇ ಬರೆದು ಉತ್ತರಿಸಿದ. ಸತ್ತವನಿಗೆ ಸಮಾಧಿಯ ಜಾಗದಿಂದಲೇ ಏನೂ ಆಗದು. ತಾಯಿ ಆ ಜಾಗವನ್ನು ನೆನೆದಾಗಲೆಲ್ಲ ಮಗನನ್ನು ಸಂತನಿಗೆ ಒಪ್ಪಿಸಿ ಪ್ರಾರ್ಥಿಸುತ್ತಾಳಲ್ಲ, ಆ ಪ್ರಾರ್ಥನೆಯಿಂದ ಆಗುತ್ತದೆ. ಸಂತರು ನಮಗೆ ಹೇಗೆ ನೆರವಾಗುತ್ತಾರೆಂಬುದು ನನ್ನ ಬುದ್ಧಿಗೆ ಮೀರಿದ್ದು ಎಂದೂ ಆ ಮಹಾಪಂಡಿತ ಒಪ್ಪಿಕೊಂಡ.

ಎಂಟು ದಿನದ ಕೂಸನ್ನು ಇಂಥದೇ ಸಮಾಧಿಗಳ ಬಳಿ ಬಿಟ್ಟುಬಂದ ತಂದೆಗೆ ಈ ಪ್ರಶ್ನೆ ತನ್ನದೂ ಆಗಿತ್ತು. ಅದನ್ನು ಅವನು ಕೇಳಿದ್ದು ಇನ್ನೊಬ್ಬ ತಾಯಿಯ ಪರವಾಗಿ. ಮಧ್ಯಸ್ಥಿಕೆ ಎಂಬ ಮಾತಿನ ಅರ್ಥ ನನಗೆ ಅಲ್ಲಿ ಸ್ಪಷ್ಟವಾಗುತ್ತದೆ.